ಲೆಕ್ಕಕ್ಕೂ ಬೀಜ ಎತ್ತಿಡಬೇಕು
(ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ಕಂಪ್ಯೂಟರ್ ಬಗ್ಗೆ ಮಾತಾಡಲು ಕಾರಣ, ನಾನೇ ಮಾಡಿದ ತಪ್ಪು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಲೆಕ್ಕವೆಲ್ಲ ಕೈಬರಹ. 2022ರಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಯೋಜನೆ ಮಂಜೂರು ಮಾಡಿತು. ಒಳ್ಳೇದೇ ಆಯಿತು. ಆದರೆ ಯಂತ್ರ ಕೆಡುತ್ತದೆ.

ಒಂದು ಮಳೆಗಾಲ ನಮ್ಮ ಸೊಸಾಯಿಟಿಯ ಹಾರ್ಡ್ ಡಿಸ್ಕ್ ಕೆಟ್ಟಿತು. ಪೆನ್ ಡ್ರೈವಿನಲ್ಲಿ ನಕಲು ಇತ್ತು. ಹಾಕಿ ನೋಡಿದರೆ ತೆರೆಯಲೇ ಇಲ್ಲ. "ಎರಡನೇ ನಕಲಿಗೆ ಯಾಕ ರೊಕ್ಕ ದಂಡ?" ಎಂದು ಸಭೆಯಲ್ಲಿ ಅಂದವನು ನಾನೇ. ಒಬ್ಬ ಅಜ್ಜಿ ಬಂದು, "ತಮ್ಮಾ, ನಾ ತುಂಬಿದ ರೊಕ್ಕ ಅದರಾಗ ಐತೇನು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಕೆ ಗಂಟಿನಲ್ಲಿ ಕಟ್ಟಿಟ್ಟ ರಸೀದಿಯೇ ನಮ್ಮ ಮಾನ ಉಳಿಸಿತು. ಎಲ್ಲರ ರಸೀದಿ ನೋಡಿ ಲೆಕ್ಕ ಮತ್ತೆ ಬರೆದೆವು.

ಬೀಜದ ಜೋಳ ನಾವು ಬೇರೆ ಇಡುತ್ತೇವೆ. ಬಿತ್ತುವ ಮುಂಚೆ ಮೊಳಕೆ ನೋಡುತ್ತೇವೆ. ಲೆಕ್ಕಕ್ಕೂ ಅದೇ ರೀತಿ. ದಿನಾ ಸಂಜೆ ನಕಲು ತೆಗೆದು ಕಂಪ್ಯೂಟರಿನಿಂದ ಬಿಡಿಸಿಡಬೇಕು. ಇನ್ನೊಂದು ನಕಲು ಬೇರೆ ಕಟ್ಟಡದಲ್ಲಿರಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿದ್ದು ನೆನಪಿದೆಯಲ್ಲ? ಒಂದೇ ಕಪಾಟಿನಲ್ಲಿದ್ದರೆ ಎರಡೂ ನೀರುಪಾಲು. ತಿಂಗಳಿಗೊಮ್ಮೆ ಆ ನಕಲನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಬಾಕಿ ತಾಳೆ ನೋಡಬೇಕು. ತೆರೆಯದ ನಕಲು, ಮೊಳೆಯದ ಬೀಜ.

ಮನೆಯಲ್ಲಿ ಕಂಪ್ಯೂಟರ್ ಇದ್ದವರೂ ಮಕ್ಕಳ ಫೋಟೋ, ಹೊಲದ ಉತಾರ ಹೀಗೇ ಕಾಯಿರಿ. ರಸೀದಿಯನ್ನು ಮಾತ್ರ ಯಾರೂ ಒಗೆಯಬೇಡಿರಿ.

ಜೈ ಸಹಕಾರ.