ವಿಮಾನಪುರದಲ್ಲಿ ಉಳಿದದ್ದು

ಜಯನಗರ, ಬನಶಂಕರಿಗಳಲ್ಲಿ ವಾಸಿಸುವ ನೀವು, ವಿಮಾನದಲ್ಲಿ ಬರುವ ನೆಂಟರನ್ನು ಕರೆತರಲು 2008ರ ಮೇ ತಿಂಗಳವರೆಗೂ ವಿಮಾನಪುರಕ್ಕೆ ಹೋಗುತ್ತಿದ್ದಿರಿ. ದೇವನಹಳ್ಳಿಯ ನಿಲ್ದಾಣ ತೆರೆದಮೇಲೆ ಆ ಹಾದಿ ನಿಂತಿತು. ಆದರೆ ವಿಮಾನಪುರವನ್ನು ಬಿಟ್ಟುಹೋದವರಲ್ಲಿ ಪ್ರಯಾಣಿಕರೇ ಮೊದಲಿಗರಲ್ಲ. ಅವರಿಗಿಂತ ಎಷ್ಟೋ ಮೊದಲು ಒಂದು ಸೈನ್ಯವೇ ಅಲ್ಲಿಂದ ಗಂಟುಮೂಟೆ ಕಟ್ಟಿತ್ತು.

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಅಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲ ಅದು. ಮೈಸೂರು ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳ ಹೂಡಿತು. ಯುದ್ಧ ಬರ್ಮಾದವರೆಗೆ ಬಂದಾಗ ಭಾರತ ಸರ್ಕಾರ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕದ ಸೈನ್ಯದ ಕೈಗೆ ಹೋಗಿ 84ನೆಯ ಏರ್ ಡಿಪೋ ಆಯಿತು. ಯುದ್ಧದಲ್ಲಿ ಜಖಂಗೊಂಡ ವಿಮಾನಗಳಿಗೆ ಅದೇ ಆಸ್ಪತ್ರೆ. ನೀರಿನ ಮೇಲಿಳಿಯುವ ಕೆಟಲಿನಾ ವಿಮಾನಗಳು ನಮ್ಮ ಬೆಳ್ಳಂದೂರು ಕೆರೆಯಲ್ಲಿಳಿದು ರಿಪೇರಿಗೆ ಬರುತ್ತಿದ್ದವೆಂದರೆ ಇಂದು ನಂಬುವುದು ಕಷ್ಟ.

1945ರಲ್ಲಿ ಯುದ್ಧ ಮುಗಿಯಿತು, ಅಮೆರಿಕನ್ನರು ಹೊರಟರು. ರಿಪೇರಿಗೆ ಬರುವ ವಿಮಾನಗಳು ಕಡಿಮೆಯಾದವು. ಕೆಲಸ ಕಲಿತ ಕೈಗಳು ಸುಮ್ಮನೆ ಕೂರಬೇಕೆ? ಕಾರ್ಖಾನೆಯವರು ರೈಲುಡಬ್ಬಿಗಳನ್ನೂ ಕಟ್ಟಿದರು.

ಅಷ್ಟರಲ್ಲಿ ಕಾನ್ಪುರದಿಂದ ಕರೆ ಬಂತು. ಲಿಬರೇಟರ್ ಎಂಬ ನಾಲ್ಕು ಇಂಜಿನ್ನಿನ ಬಾಂಬರುಗಳು ಅಲ್ಲಿ ಸಾಲಾಗಿ ಬಿದ್ದಿದ್ದವು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ! ಮತ್ತೆ ಯಾರೂ ಹಾರಿಸದಿರಲೆಂದು ಹೋಗುವವರು ಅವನ್ನು ಬೇಕೆಂದೇ ಕೆಡಿಸಿ ಹೋಗಿದ್ದರು. ಬೆಂಗಳೂರಿನ ಕೆಲಸಗಾರರು ಅಲ್ಲಿಗೆ ಹೋಗಿ, ಹಾರುವಷ್ಟು ಮಟ್ಟಿಗೆ ತೇಪೆ ಹಾಕಿದರು. ಕ್ಯಾಪ್ಟನ್ ಜಮ್‌ಶೆಡ್ ಮುನ್ಶಿ ಅವನ್ನು ವಿಮಾನಪುರಕ್ಕೆ ಹಾರಿಸಿ ತಂದರು. ಇಲ್ಲಿ ಅವಕ್ಕೆ ಪೂರ್ಣ ಚಿಕಿತ್ಸೆಯಾಯಿತು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಅವುಗಳಿಂದಲೇ ಮೊದಲಾಯಿತು. ನಿಮ್ಮ ಜಯನಗರಕ್ಕೆ ಅಸ್ತಿಭಾರ ಬಿದ್ದದ್ದೂ ಅದೇ ವರ್ಷ. ಹೀಗೆ ಎದ್ದುನಿಂತ ಲಿಬರೇಟರುಗಳು ಸುಮಾರು ನಲವತ್ತು. ಅವು 1968ರವರೆಗೆ ದುಡಿದವು. ಅವುಗಳಲ್ಲಿ ಒಂದು ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿದೆ. ಬೇಡವೆಂದು ಬಿಟ್ಟುಹೋದದ್ದನ್ನು ಆ ದೇಶ ನಮ್ಮಿಂದಲೇ ಪಡೆದು ಜೋಪಾನಮಾಡಿದೆ!

ತೇಪೆ ಹಾಕಿದ ಕಾರ್ಖಾನೆ ಹೊಸದನ್ನೂ ಕಟ್ಟಿತು. 1951ರಲ್ಲಿ ಡಾ. ಘಾಟಗೆಯವರ ವಿನ್ಯಾಸದ ಎಚ್.ಟಿ.-2 ತರಬೇತಿ ವಿಮಾನ ಅದೇ ನೆಲದಿಂದ ಮೇಲೇರಿತು. ಪ್ರಯಾಣಿಕರು ಹೋದಮೇಲೂ ಪರೀಕ್ಷೆಯ ವಿಮಾನಗಳು ಅಲ್ಲಿಂದ ಏರುತ್ತಲೇ ಇವೆ.

ಸೈನ್ಯ ಬರುತ್ತದೆ, ಹೋಗುತ್ತದೆ. ಹೋಗುವಾಗ ಯಂತ್ರವನ್ನು ಕೆಡಿಸಿಯೂ ಹೋಗಬಹುದು. ಕಲಿತ ಕೈಯನ್ನು ಕೆಡಿಸಲಾಗದು. ಇನ್ನು ಮುಂದೆ ಯಾವುದಾದರೂ ಕಾರ್ಖಾನೆಯೋ ನಿಲ್ದಾಣವೋ ಮುಚ್ಚಿತೆಂಬ ಸುದ್ದಿ ಕೇಳಿದಾಗ, ಅಲ್ಲಿನ ಕೆಲಸ ಬಲ್ಲವರು ಏನಾದರು ಎಂದು ಮೊದಲು ವಿಚಾರಿಸಿ.