ಅನುಭವದ ಮುಂದಿನ ಅಡ್ಡಗೆರೆ

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗ ಒಂದು ಹಾಳೆ ಹಿಡಿದು ಬಂದ. ಐಟಿಐನಲ್ಲಿ ಎರಡು ವರ್ಷದ ಫಿಟ್ಟರ್ ಕೋರ್ಸು ಮುಗಿಸಿದ್ದಾನೆ. ಅಪ್ರೆಂಟಿಸ್ ತರಬೇತಿಗೆ ಅರ್ಜಿ ಹಾಕಬೇಕು. ‘ಬಯೋಡೇಟಾ ಸ್ವಲ್ಪ ನೋಡಿ ಅಂಕಲ್’ ಅಂದ.

ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು. ಹವ್ಯಾಸ: ಪುಸ್ತಕ ಓದುವುದು. ಯಾವ ಪುಸ್ತಕ ಎಂದೆ. ನಕ್ಕುಬಿಟ್ಟ. ಅದು ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹವ್ಯಾಸವಂತೆ! ಅನುಭವ ಎಂಬಲ್ಲಿ ಮಾತ್ರ ಒಂದು ಅಡ್ಡಗೆರೆ.

ಅವನ ಅಂಗೈ ನೋಡಿದೆ. ಹೆಬ್ಬೆರಳ ಬುಡದಲ್ಲಿ ಜಡ್ಡು. ಅರ ಹಿಡಿದ ಗುರುತು. ಕಬ್ಬಿಣದ ತುಂಡನ್ನು ದಿನಗಟ್ಟಲೆ ಉಜ್ಜಬೇಕು. ಮೂಲೆಮಟ್ಟ ಇಟ್ಟು, ಸಂದಿಯಲ್ಲಿ ಬೆಳಕು ನುಸುಳುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ವರ್ನಿಯರ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ಅಳೆಯಬಲ್ಲ ಹುಡುಗ ಇವನು. ಕೆದಕಿ ಕೇಳಿದ ಮೇಲೆ ಇನ್ನೊಂದು ಹೊರಬಿತ್ತು. ಬೇಸಿಗೆಯಲ್ಲಿ ತೋಟದ ಪಂಪಿನ ಬೇರಿಂಗ್ ತಾನೇ ಬದಲಿಸಿದ್ದಾನೆ.

‘ಅದನ್ನೆಲ್ಲ ಬರೀತಾರಾ ಅಂಕಲ್?’

ಸಂಬಳ ಬಾರದ ಕೆಲಸವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜನಗಣತಿಯವರು ಬಂದಾಗ ನಮ್ಮಮ್ಮನೂ ‘ಸುಮ್ನೆ ಮನೇಲಿದೀನಪ್ಪ’ ಅಂದಿದ್ದರು. ಕೈಯಲ್ಲಿ ಸಗಣಿ ಬುಟ್ಟಿ ಇತ್ತು.

1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಕಲಿಯುವವರಿಗಾಗಿ. ಪಳಗಿದ ಕೈಯನ್ನು ಅಲ್ಲಿ ಯಾರೂ ಹುಡುಕುವುದಿಲ್ಲ. ಕಲಿಯುವ ಕೈ ಇದೆಯೇ ಎಂದು ನೋಡುತ್ತಾರೆ, ಅಷ್ಟೆ.

ಹವ್ಯಾಸ ಹೊಡೆದುಹಾಕಿದೆವು. ಅಡ್ಡಗೆರೆಯ ಜಾಗದಲ್ಲಿ ಬೇರಿಂಗ್ ಬಂತು. ಹೊರಟವನು ಗೇಟಿನ ಹತ್ತಿರ ನಿಂತು, ತಿರುಗಿ ಕೇಳಿದ: ‘ಐದು ಎಚ್‌ಪಿ ಪಂಪು ಅಂತಾನೂ ಹಾಕ್ಲಾ ಅಂಕಲ್?’