ವಿಕಲಚೇತನರ ಮಾಸಾಶನ: ತಿರಸ್ಕೃತ ಅರ್ಜಿಯ ಮುಂದಿನ ದಾರಿ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ವಿಕಲಚೇತನರೊಬ್ಬರ ಮಾಸಾಶನದ ಅರ್ಜಿ ತಿರಸ್ಕೃತವಾದಾಗ ಆ ಮನೆಯವರು ಮೊದಲು ಬರುವುದು ಸದಸ್ಯರ ಬಾಗಿಲಿಗೆ. ‘ಮತ್ತೊಮ್ಮೆ ಅರ್ಜಿ ಹಾಕಿ’ ಎಂದು ಕಳುಹಿಸುವುದು ಪರಿಹಾರವಲ್ಲ. ಕಾರಣ ತಿಳಿಯದೆ ಹಾಕಿದ ಅರ್ಜಿ ಅದೇ ಕಾರಣಕ್ಕೆ ಮರಳಿ ಬರುತ್ತದೆ.

ಮೊದಲು ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆಯತಕ್ಕದ್ದು. ಆಧಾರ್, ಪಾಸ್‌ಬುಕ್ ಹಾಗೂ ಯುಡಿಐಡಿ ಕಾರ್ಡಿನಲ್ಲಿ ಹೆಸರು ಬೇರೆ ಬೇರೆಯಾಗಿರುವುದೇ ಕಾರಣವಾದರೆ ಮೊದಲು ಅದನ್ನು ತಿದ್ದಿಸಬೇಕು.

ವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆಯೆಂದು ನಮೂದಾಗಿದ್ದರೆ ತಹಶೀಲ್ದಾರರು ಅದನ್ನು ಬದಲಿಸಲಾರರು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 59ನೇ ಪ್ರಕರಣದಂತೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರದ ತೀರ್ಮಾನದ ವಿರುದ್ಧವೇ ಮೇಲ್ಮನವಿ ಸಲ್ಲಿಸಬೇಕು. ಚಿಕಿತ್ಸೆಯ ಹಳೆಯ ದಾಖಲೆಗಳೇ ಅದಕ್ಕೆ ಆಧಾರ.

ಪ್ರಮಾಣಪತ್ರ ಸರಿಯಿದ್ದೂ ಅರ್ಜಿ ತಿರಸ್ಕೃತವಾದರೆ, ಅಥವಾ ನಿಗದಿತ ಅವಧಿ ಮೀರಿದರೆ, ಸಕಾಲ ಅಧಿನಿಯಮ, 2011ರಡಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನಾಡಕಚೇರಿಯ ಸ್ವೀಕೃತಿ ಚೀಟಿಯನ್ನು ಅಂದಿನವರೆಗೂ ಜೋಪಾನವಾಗಿಡಲು ಅರ್ಜಿದಾರರಿಗೆ ತಿಳಿಸತಕ್ಕದ್ದು.

ವಕೀಲರ ಶುಲ್ಕಕ್ಕೆ ಯಾರೂ ಅಂಜಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಬಳ್ಳಾರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಿದರಾಯಿತು.

ಸಿರುಗುಪ್ಪ, ಕುರುಗೋಡು ಕಡೆಯಿಂದ ನಡೆಯಲಾರದವರೊಬ್ಬರು ಬಳ್ಳಾರಿಗೆ ಬಂದರೆ, ಜೊತೆಗೆ ಬಂದವರ ಅಂದಿನ ಕೂಲಿಯೂ ಹೋಗುತ್ತದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಡನೆ ಕುಳಿತು ಕಾಗದಗಳನ್ನು ಊರಲ್ಲೇ ಪರಿಶೀಲಿಸಿದರೆ ಎರಡನೆಯ ಅಲೆದಾಟ ತಪ್ಪುತ್ತದೆ. ಸದಸ್ಯರಿಂದ ಕೋರುವುದು ಅಷ್ಟನ್ನೇ.